ಕಂಕುಳಲ್ಲಿ ಕೂಸು, ಹೆಗಲಲ್ಲಿ ಕ್ಯಾಮರಾ

ಕಳೆದ ತಿಂಗಳ ಒಂದು ಸಂಜೆ, ಫೋರ್ಟ್ ಭಾಗದ ಕಚೇರಿಯೊಂದರಲ್ಲಿ ಗುಮಾಸ್ತರಾಗಿರುವ ತರುಣ ವಾಚಕರೊಬ್ಬರು ನಮ್ಮ ಕಾರ್ಯಾಲಯಕ್ಕೆ ಬಂದರು. ಅವರ ಹೆಗಲಿನಲ್ಲಿ ದೊಡ್ಡದೊಂದು ಕಪ್ಪು ಚೀಲ ಜೋತುಬಿದ್ದಿತ್ತು. ಹೊಸದಾಗಿ ತಂದೆಯಾದವನ ಸಂಭ್ರಮವೂ ಆತಂಕವೂ ಮುಖದಲ್ಲಿ ಒಟ್ಟಿಗೇ ಕಾಣುತ್ತಿದ್ದವು. ಮೂರು ತಿಂಗಳ ಹಿಂದೆ ಅವರಿಗೆ ಗಂಡುಮಗು ಹುಟ್ಟಿದೆ. ಬಾಣಂತಿ ಕುಂದಾಪುರದ ಸಮೀಪದ ತವರುಮನೆಯಲ್ಲಿದ್ದಾರೆ. ಕಚೇರಿಯ ಸಹೋದ್ಯೋಗಿಯೊಬ್ಬರು ತಾವು ಬಳಸಿದ ಡಿ.ಎಸ್.ಎಲ್.ಆರ್. ಕ್ಯಾಮರಾವನ್ನು ಎರಡು ಲೆನ್ಸುಗಳ ಸಮೇತ ಕಂತಿನ ಮೇಲೆ ಕೊಡಲೊಪ್ಪಿ, ನಾಲ್ಕು ದಿನ ನೋಡಿಕೊಳ್ಳಿರೆಂದು ಚೀಲವನ್ನೇ ಇವರ ಕೈಗೆ ಕೊಟ್ಟಿದ್ದರು.

“ಅಣ್ಣಾ, ನಿಮ್ಮಲ್ಲೂ ಹಿಂದೆ ಇಂಥದೊಂದು ಇತ್ತಲ್ಲ? ಮಗನ ಫೋಟೋ ತೆಗೆಯಲು ಇದನ್ನು ಕೊಳ್ಳಲೇ, ಬೇಡವೇ? ಒಂದು ಮಾತು ಹೇಳಿ” ಎಂದರು.

ನಾವು ಬಾಯಿಂದ ಉತ್ತರ ಹೇಳಲಿಲ್ಲ. ಕೆಳಗಿನ ಹೊಟೇಲಿನಿಂದ ತರಕಾರಿ ತೂಗುವ ತಕ್ಕಡಿಯನ್ನು ತರಿಸಿ ಚೀಲವನ್ನು ಅದರ ಮೇಲಿರಿಸಿದೆವು. ಮುಳ್ಳು ಮೂರು ಕಿಲೋದ ಹತ್ತಿರ ಹೋಗಿ ನಿಂತಿತು. “ನಿಮ್ಮ ಮಗ ಹುಟ್ಟಿದಾಗ ಎಷ್ಟು ತೂಕವಿದ್ದ?” ಎಂದು ಕೇಳಿದೆವು. “ಎರಡೂ ಮುಕ್ಕಾಲು ಕಿಲೋ” ಎಂದರು. ಹೇಳಿ ಮುಗಿಸುವ ಮೊದಲೇ ಅವರಿಗೆ ನಗು ಬಂತು.

ಅವರಿಗೆ ಅಂದು ಹೇಳಿದುದನ್ನು ಸ್ವಲ್ಪ ವಿಸ್ತರಿಸಿ ಇಲ್ಲಿ ಬರೆಯುತ್ತಿದ್ದೇವೆ. ಇದೇ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡ ತಾಯಿತಂದೆಗಳು ನಮ್ಮ ವಾಚಕರಲ್ಲಿ ಬಹಳ ಮಂದಿ ಇರಬೇಕೆಂದು ನಮ್ಮ ಊಹೆ. ನಾವು ಛಾಯಾಗ್ರಹಣದಲ್ಲಿ ಪಂಡಿತರಲ್ಲ. ಭಾರದ ಕ್ಯಾಮರಾವನ್ನು ಐದು ವರ್ಷ ಹೊತ್ತು, ಕೊನೆಗೆ ಇಳಿಸಿ, ಹಗುರವಾದುದನ್ನು ಕೈಗೆತ್ತಿಕೊಂಡವರು. ಅಷ್ಟರ ಅಧಿಕಾರ ಮಾತ್ರ ನಮಗುಂಟು.

ನಾವು ಹೊತ್ತ ಹೊರೆ

2015ರಲ್ಲಿ ನಮಗೆ ಮಗಳು ಹುಟ್ಟಿದಾಗ ನಾವೂ ಎಲ್ಲ ಹೊಸ ತಂದೆಯರಂತೆ ಅಂಗಡಿಗೆ ಹೋಗಿ ಒಂದು ದೊಡ್ಡ ಕ್ಯಾಮರಾವನ್ನು ತಂದೆವು. ಯಾವ ಕಂಪನಿಯದೆಂದು ಹೇಳುವ ಅಗತ್ಯವಿಲ್ಲ. ಯಂತ್ರ ಉತ್ತಮವಾಗಿಯೇ ಇತ್ತು. ಮೊದಲ ವರ್ಷ ನಮಗೂ ಅದಕ್ಕೂ ಒಳ್ಳೆಯ ಹೊಂದಾಣಿಕೆ. ಕೂಸು ತೊಟ್ಟಿಲಲ್ಲಿ ಮಲಗಿದ ಕಡೆ ಮಲಗಿರುತ್ತದೆ; ನಾವು ಕಿಟಕಿ ತೆರೆದು, ಲೆನ್ಸು ಬದಲಿಸಿ, ಕುರ್ಚಿ ಎಳೆದು ಕುಳಿತು, ಸಾವಕಾಶವಾಗಿ ಚಿತ್ರ ತೆಗೆಯಬಹುದು. ಆ ವರ್ಷದ ಚಿತ್ರಗಳು ಇಂದಿಗೂ ನಮ್ಮ ಗೋಡೆಯ ಮೇಲಿವೆ.

ಮಗು ನಡೆಯಲು ಕಲಿತ ದಿನದಿಂದ ಕಷ್ಟ ಪ್ರಾರಂಭವಾಯಿತು. ಅದು ಎದ್ದು ಓಡುತ್ತದೆ, ಬಿದ್ದರೆ ಎತ್ತಬೇಕು, ಎತ್ತಿದರೆ ಇಳಿಯಲೊಲ್ಲದು. ಒಂದು ವರ್ಷದ ಮಗು ಒಂಬತ್ತು ಹತ್ತು ಕಿಲೋ ತೂಗುತ್ತದೆ. ಅದನ್ನು ಎಡಗಂಕುಳಲ್ಲಿ ಕೂರಿಸಿಕೊಂಡವನಿಗೆ ಉಳಿಯುವುದು ಬಲಗೈ ಒಂದೇ. ಆ ಕೈಯಲ್ಲಿ ಹಾಲಿನ ಬಾಟಲಿಯ ಚೀಲ, ಮನೆಯ ಬೀಗದ ಕೈ, ಲೋಕಲ್ ಗಾಡಿಯ ಹಿಡಿ. ಕ್ಯಾಮರಾಕ್ಕೆ ಜಾಗವೆಲ್ಲಿ? ಒಂದು ಭಾನುವಾರ ಮಲಬಾರ್ ಹಿಲ್ಲಿನ ಕಮಲಾ ನೆಹರೂ ಉದ್ಯಾನದಲ್ಲಿ ಆ ಬೂಟಿನ ಮನೆಯ ಮುಂದೆ ಮಗಳು ಮೊದಲ ಬಾರಿಗೆ ನಮ್ಮ ಕೈ ಬಿಡಿಸಿಕೊಂಡು ಓಡಿದಳು. ನಾವು ಚೀಲದ ಜಿಪ್ ಎಳೆದು, ಲೆನ್ಸಿನ ಮುಚ್ಚಳ ತೆಗೆದು, ಕ್ಯಾಮರಾವನ್ನು ಕಣ್ಣಿಗೆ ಏರಿಸುವಷ್ಟರಲ್ಲಿ ಓಟ ಮುಗಿದು ಅಳು ಶುರುವಾಗಿತ್ತು. ಜುಹೂ ಕಡಲತೀರಕ್ಕೆ ಹೋದರೆ ಮರಳು ಹೊಕ್ಕೀತೆಂಬ ಭಯದಿಂದ ಚೀಲವನ್ನು ಬಿಚ್ಚುವುದೇ ಇಲ್ಲ. “ಆ ಪೆಟ್ಟಿಗೆಯನ್ನು ನೋಡಿಕೊಳ್ಳುತ್ತೀರೋ, ಮಗಳನ್ನು ನೋಡಿಕೊಳ್ಳುತ್ತೀರೋ? ಎರಡರಲ್ಲೊಂದು ಹೇಳಿ, ಇನ್ನೊಂದನ್ನು ನಾನು ಹಿಡಿಯುತ್ತೇನೆ” ಎಂದು ನಮ್ಮ ಮನೆಯವರು ಒಂದು ದಿನ ಕೇಳಿಯೇಬಿಟ್ಟರು.

ಕ್ರಮೇಣ ಚೀಲ ಕಪಾಟಿನೊಳಗೆ ಸೇರಿತು. ಹುಟ್ಟುಹಬ್ಬಕ್ಕೊಮ್ಮೆ, ದೀಪಾವಳಿಗೊಮ್ಮೆ ಹೊರಬರುತ್ತಿತ್ತು. ಮಕ್ಕಳು ಹುಟ್ಟುಹಬ್ಬದಂದು ಮಾತ್ರ ಬೆಳೆಯುವುದಿಲ್ಲವೆಂಬುದು ನಮಗೆ ತಿಳಿಯದೆ ಇರಲಿಲ್ಲ. ಆದರೂ ಸೋಮಾರಿತನಕ್ಕೆ ಭಾರವು ಒಳ್ಳೆಯ ನೆಪವಾಯಿತು.

ಇಷ್ಟೇ ಆಗಿದ್ದರೆ ಈ ಲೇಖನವನ್ನು ಬರೆಯುತ್ತಿರಲಿಲ್ಲ.

2018ರ ಡಿಸೆಂಬರಿನಲ್ಲಿ ನಾವು ಮಕ್ಕಳೊಂದಿಗೆ ಮತ್ಸ್ಯಗಂಧ ಎಕ್ಸ್‌ಪ್ರೆಸ್ಸಿನಲ್ಲಿ ಊರಿಗೆ ಹೋದೆವು. ಮಗನಿಗೆ ಆಗ ಏಳು ತಿಂಗಳು. ಕ್ಯಾಮರಾದ ಚೀಲವೂ ಜೊತೆಗಿತ್ತು; ಮನೆ ಸೇರಿದೊಡನೆ ಮಕ್ಕಳ ಕೈಗೆ ಎಟುಕದಂತೆ ಅದನ್ನು ಉಪ್ಪರಿಗೆಯ ಮೇಲಿಟ್ಟೆವು. ಹೊರಡುವ ಹಿಂದಿನ ಸಂಜೆ ನಮ್ಮ ತಾಯಿಯವರು ಜಗಲಿಯಲ್ಲಿ ಕುಳಿತು ಬಾಳೆನಾರಿನಲ್ಲಿ ಅಬ್ಬಲಿಗೆ ಕಟ್ಟುತ್ತಿದ್ದರು. ಮೊಮ್ಮಗ ಅವರ ತೊಡೆಯ ಮೇಲೆ ಕುಳಿತು ಮಾಲೆಯ ಇನ್ನೊಂದು ತುದಿಯನ್ನು ಎಳೆಯುತ್ತಿದ್ದ. ಮೊಮ್ಮಗಳು ಹಿಂದೆ ನಿಂತು ಅಜ್ಜಿಯ ಬಿಳಿಗೂದಲಿಗೆ ಒಂದೊಂದೇ ಹೂ ಸಿಕ್ಕಿಸುತ್ತಿದ್ದಳು. ಅಡಕೆ ತೋಟದ ಕಡೆಯಿಂದ ಇಳಿಬಿಸಿಲು ಓರೆಯಾಗಿ ಮೂವರ ಮೇಲೂ ಬಿದ್ದಿತ್ತು. ಚಿತ್ರ ತೆಗೆಯಬೇಕೆಂದು ಮನಸ್ಸಿಗೆ ಬಾರದೆ ಇರಲಿಲ್ಲ. ಆದರೆ ಉಪ್ಪರಿಗೆ ಹತ್ತಬೇಕು, ಉದ್ದದ ಲೆನ್ಸನ್ನು ಕಳಚಿ ಗಿಡ್ಡದ್ದನ್ನು ಹಾಕಬೇಕು. ಜೇಬಿನಲ್ಲಿ ಮೊಬೈಲು ಇತ್ತು. ಅಷ್ಟು ಬೆಲೆಯ ಕ್ಯಾಮರಾ ಇರುವಾಗ ಮೊಬೈಲಿನಲ್ಲಿ ತೆಗೆಯುವುದೇ ಎಂಬ ಅಹಂಕಾರವೂ ಇತ್ತು. ನಾಳೆ ಬೆಳಿಗ್ಗೆ ಮೂವರನ್ನೂ ಇಲ್ಲಿಯೇ ಕೂರಿಸಿ ಚೆನ್ನಾಗಿ ತೆಗೆಯೋಣವೆಂದುಕೊಂಡೆವು. ಮರುದಿನ ಬೆಳಿಗ್ಗೆ ನೆಂಟರು ಬಂದರು, ಗಂಟು ಕಟ್ಟುವ ಗಡಿಬಿಡಿಯಾಯಿತು, ರೈಲಿನ ಹೊತ್ತಾಯಿತು.

2019ರ ಆಷಾಢದಲ್ಲಿ ತಾಯಿಯವರು ತೀರಿಕೊಂಡರು. ಉತ್ತರಕ್ರಿಯೆಯ ದಿನ ಹೂಮಾಲೆ ಹಾಕಲು ಭಾವಚಿತ್ರವೊಂದು ಬೇಕಾಯಿತು. ಯಾವುದೋ ಮದುವೆಯ ಗುಂಪುಚಿತ್ರದಿಂದ ಅವರ ಮುಖವನ್ನು ಬೇರ್ಪಡಿಸಿ ದೊಡ್ಡದು ಮಾಡಿಸಿದೆವು; ಅದರಲ್ಲಿ ಅವರ ಕಣ್ಣು ಅರ್ಧ ಮುಚ್ಚಿದೆ. ಐದು ಸಾವಿರಕ್ಕೂ ಹೆಚ್ಚು ಚಿತ್ರ ತೆಗೆದ ಮಗನ ಮನೆಯಲ್ಲಿ ತಾಯಿಯ ಒಂದು ಚಿತ್ರ ಸರಿಯಾದುದಿರಲಿಲ್ಲ. ತಪ್ಪು ಯಂತ್ರದ್ದಲ್ಲ, ನಮ್ಮದು. ಆದರೆ ನಮ್ಮಂಥ ಸಾಮಾನ್ಯರ ತಪ್ಪಿಗೆ ಅವಕಾಶ ಕೊಡದಂಥ ಯಂತ್ರವೊಂದು ಇರಬಾರದೇ ಎಂದು ಅಂದಿನಿಂದ ಯೋಚಿಸತೊಡಗಿದೆವು.

ಈ ಭಾರ ಎಲ್ಲಿಂದ ಬಂತು?

ದೊಡ್ಡ ಕ್ಯಾಮರಾ ದೊಡ್ಡದಾಗಿರುವುದಕ್ಕೆ ಕಾರಣವುಂಟು. ಅದರ ಹೊಟ್ಟೆಯಲ್ಲಿ ನಲವತ್ತೈದು ಡಿಗ್ರಿ ಓರೆಯಾಗಿ ನಿಂತ ಒಂದು ಕನ್ನಡಿ ಇದೆ. ಲೆನ್ಸಿನಿಂದ ಒಳಬಂದ ಬೆಳಕು ಆ ಕನ್ನಡಿಗೆ ತಾಗಿ ಮೇಲಕ್ಕೆ ಹೋಗುತ್ತದೆ. ನೆತ್ತಿಯಲ್ಲಿರುವ ಐದು ಮೂಲೆಯ ಗಾಜು ಅಥವಾ ಸಣ್ಣ ಕನ್ನಡಿಗಳು ಅದನ್ನು ತಿರುಗಿಸಿ ನಮ್ಮ ಕಣ್ಣಿಗೆ ತಲುಪಿಸುತ್ತವೆ. ಗುಂಡಿ ಒತ್ತಿದೊಡನೆ ಕನ್ನಡಿ ಟಪ್ಪೆಂದು ಮೇಲೆದ್ದು ದಾರಿ ಬಿಡುತ್ತದೆ; ಬೆಳಕು ಹಿಂದಿನ ಸೆನ್ಸರಿಗೆ ಬಿದ್ದು ಚಿತ್ರವಾಗುತ್ತದೆ. ನಮಗೆ ಕೇಳುವ ಆ ಸದ್ದಿನಲ್ಲಿ ಕನ್ನಡಿಯ ಏಳುಬೀಳಿನದೇ ದೊಡ್ಡ ಪಾಲು.

ಫಿಲ್ಮಿನ ಕಾಲದಲ್ಲಿ ಈ ಏರ್ಪಾಡು ಅತ್ಯಾವಶ್ಯಕವಾಗಿತ್ತು. ಫಿಲ್ಮಿನ ಮೇಲೆ ಏನು ಮೂಡುವುದೆಂದು ಮುಂಚಿತವಾಗಿ ನೋಡಲು ಲೆನ್ಸಿನ ಮೂಲಕವೇ ಇಣುಕುವ ಉಪಾಯ ಬೇರೆ ಇರಲಿಲ್ಲ. 1936ರಲ್ಲಿ ಜರ್ಮನಿಯ ಎಕ್ಸಾಕ್ಟಾ, 1959ರಲ್ಲಿ ಜಪಾನಿನ ನಿಕಾನ್ ಎಫ್ ಮೊದಲಾದವು ಈ ದಾರಿಯನ್ನು ಹಾಕಿಕೊಟ್ಟವು. ಫಿಲ್ಮು ಹೋಗಿ ಸೆನ್ಸರು ಬಂದ ಮೇಲೆ ಪರಿಸ್ಥಿತಿ ಬದಲಾಯಿತು. ಸೆನ್ಸರು ತಾನು ಕಂಡದ್ದನ್ನು ತಾನೇ ಪರದೆಯ ಮೇಲೆ ತೋರಿಸಬಲ್ಲುದು. ಹಾಗಿದ್ದ ಮೇಲೆ ಕನ್ನಡಿಯೇಕೆ? 2008ರಲ್ಲಿ ಪ್ಯಾನಾಸೋನಿಕ್ ಮತ್ತು ಒಲಿಂಪಸ್ ಕಂಪನಿಗಳು ಕನ್ನಡಿಯಿಲ್ಲದ ಹೊಸ ಪದ್ಧತಿಯನ್ನು ಸಾರಿದವು. ಅದೇ ವರ್ಷ ಪ್ಯಾನಾಸೋನಿಕ್ ಜಿ1 ಮಾರುಕಟ್ಟೆಗೆ ಬಂತು. ಇವುಗಳಿಗೆ ಮಿರರ್‌ಲೆಸ್ ಎಂಬ ಹೆಸರು ನಿಂತಿತು.

ಕನ್ನಡಿ ಹೋದರೆ ಉಳಿತಾಯವೆಷ್ಟೆಂಬುದನ್ನು ಒಂದು ಅಳತೆಯಿಂದ ತಿಳಿಯಬಹುದು. ಕನ್ನಡಿಯುಳ್ಳ ನಿಕಾನ್ ಕ್ಯಾಮರಾಗಳಲ್ಲಿ ಲೆನ್ಸು ಕೂರುವ ಬಳೆಯಿಂದ ಸೆನ್ಸರಿಗೆ 46.5 ಮಿಲಿಮೀಟರ್ ಅಂತರ ಬೇಕು; ಅದೇ ಕಂಪನಿಯ ಕನ್ನಡಿಯಿಲ್ಲದ ಜೆಡ್ ಮಾದರಿಗಳಲ್ಲಿ 16 ಮಿಲಿಮೀಟರ್ ಸಾಕು. ಕ್ಯಾನನ್ನಿನಲ್ಲಿ 44 ಇದ್ದುದು 20ಕ್ಕಿಳಿಯಿತು. ಪೆಟ್ಟಿಗೆಯ ಹೊಟ್ಟೆ ಹೀಗೆ ಕರಗಿತು. ಮಾರುಕಟ್ಟೆಯೂ ಅದೇ ಕಡೆಗೆ ವಾಲಿತು: 2020ರಲ್ಲಿ ಜಪಾನಿನ ತಯಾರಕರು ಸಾಗಿಸಿದ ಕ್ಯಾಮರಾಗಳಲ್ಲಿ ಕನ್ನಡಿಯಿಲ್ಲದವು ಕನ್ನಡಿಯುಳ್ಳವನ್ನು ಮೀರಿಸಿದವು. 2020ರಲ್ಲಿ ಬಂದ ತಮ್ಮ ಅತಿ ಶ್ರೇಷ್ಠ ಡಿ.ಎಸ್.ಎಲ್.ಆರ್. ಆ ದರ್ಜೆಯಲ್ಲಿ ಕೊನೆಯದೆಂದು ಕ್ಯಾನನ್ನಿನ ಮುಖ್ಯಸ್ಥರು ಮರುವರ್ಷ ತಿಳಿಸಿದರು.

ಭಾರದಿಂದ ಬಿಡುಗಡೆ ಬಯಸಿದವರಲ್ಲಿ ನಾವೇ ಮೊದಲಿಗರಲ್ಲ. ಜರ್ಮನಿಯ ವೆಟ್ಸ್‌ಲಾರ್ ಎಂಬ ಊರಿನ ಲೈಟ್ಸ್ ಕಾರ್ಖಾನೆಯಲ್ಲಿ ಆಸ್ಕರ್ ಬರ್ನಾಕ್ ಎಂಬ ಯಂತ್ರಶಿಲ್ಪಿ ಇದ್ದರು. ಅವರಿಗೆ ಉಬ್ಬಸದ ಬೇನೆ. ಆ ಕಾಲದ ಗಾಜಿನ ಫಲಕದ ಕ್ಯಾಮರಾ, ಅದರ ಮೂರುಕಾಲಿನ ಕಂಬ, ಫಲಕಗಳ ಪೆಟ್ಟಿಗೆ ಇವನ್ನು ಹೊತ್ತು ಗುಡ್ಡ ಹತ್ತುವುದು ಅವರಿಂದಾಗದು. ಸಿನಿಮಾಕ್ಕೆ ಬಳಸುವ ಮೂವತ್ತೈದು ಮಿಲಿಮೀಟರ್ ಫಿಲ್ಮನ್ನು ತೆಗೆದುಕೊಂಡು, ಸಿನಿಮಾದ ಚೌಕಟ್ಟನ್ನು ಇಮ್ಮಡಿಗೊಳಿಸಿ, 1913–14ರಲ್ಲಿ ಅಂಗಿಯ ಜೇಬಿನಲ್ಲಿ ಹಿಡಿಯುವಂಥದೊಂದು ಕ್ಯಾಮರಾವನ್ನು ಅವರು ತಮಗಾಗಿ ಮಾಡಿಕೊಂಡರು. ಅದರಿಂದ ತೆಗೆದ ಮೊದಮೊದಲ ಚಿತ್ರಗಳಲ್ಲಿ ಅವರ ಸ್ವಂತ ಮಕ್ಕಳ ಚಿತ್ರಗಳೂ ಇವೆ. 1925ರಲ್ಲಿ ಲೈಪ್ಸಿಗ್ ಜಾತ್ರೆಯಲ್ಲಿ ಅದೇ ಲೈಕಾ ಎಂಬ ಹೆಸರಿನಿಂದ ಮಾರಾಟಕ್ಕೆ ಬಂತು. 24ಕ್ಕೆ 36 ಮಿಲಿಮೀಟರಿನ ಆ ಚೌಕಟ್ಟಿಗೇ ಇಂದು ಫುಲ್ ಫ್ರೇಮ್ ಎಂದು ದೊಡ್ಡ ಹೆಸರು. ಇಂದು ನಾವು ಭಾರವೆಂದು ಗೊಣಗುವ ಅಳತೆಯು ಒಂದು ಕಾಲಕ್ಕೆ ಉಬ್ಬಸದವನೊಬ್ಬನ ಹಗುರಾದ ಉಪಾಯವಾಗಿತ್ತೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

ತಕ್ಕಡಿಯ ಲೆಕ್ಕ

ಹೊಟೇಲಿನಲ್ಲಿ ತೂಗದೆ ಸಾಮಾನು ಕೊಳ್ಳುವ ಪದ್ಧತಿಯಿಲ್ಲ. ಕ್ಯಾಮರಾಕ್ಕೂ ಅದೇ ನಿಯಮವಿರಲಿ. ಕಂಪನಿಗಳು ಪ್ರಕಟಿಸಿದ ತೂಕಗಳನ್ನೇ ಇಲ್ಲಿ ಕೊಡುತ್ತೇವೆ. 2015ರ ನಿಕಾನ್ ಡಿ7200 ಬ್ಯಾಟರಿ ಸಹಿತ 765 ಗ್ರಾಂ. ಅದರೊಡನೆ ಬರುತ್ತಿದ್ದ 18–140 ಲೆನ್ಸು 490 ಗ್ರಾಂ. ಒಟ್ಟು 1255 ಗ್ರಾಂ. ದೂರದ್ದಕ್ಕೆಂದು 70–300 ಲೆನ್ಸನ್ನು ಸೇರಿಸಿದರೆ ಇನ್ನೂ 745 ಗ್ರಾಂ. ಸರಿಯಾಗಿ ಎರಡು ಕಿಲೋ ಆಯಿತು. ಚೀಲ, ಚಾರ್ಜರು ಬೇರೆ.

ಇನ್ನು ಹಗುರದ ತಟ್ಟೆ. 2019ರ ನಿಕಾನ್ ಜೆಡ್50 ಬ್ಯಾಟರಿ ಸಹಿತ 450 ಗ್ರಾಂ, ಅದರ ಪುಟ್ಟ 16–50 ಲೆನ್ಸು 135 ಗ್ರಾಂ, ಒಟ್ಟು 585. ಅದೇ ವರ್ಷದ ಫ್ಯೂಜಿಫಿಲ್ಮ್ ಎಕ್ಸ್-ಟಿ30 ಮತ್ತು 15–45 ಲೆನ್ಸು ಕೂಡಿ 518. ಒಲಿಂಪಸ್ಸಿನ ಇ-ಎಂ10 ಮೂರನೆಯ ಮಾದರಿ 14–42ರ ಚಪ್ಪಟೆ ಲೆನ್ಸಿನೊಡನೆ 503. ಲೆನ್ಸು ಕಳಚಲಾಗದ ರಿಕೋ ಜಿಆರ್ ಮೂರು ಬರೇ 257 ಗ್ರಾಂ; ಅಂಗಿಯ ಜೇಬಿಗೆ ಸಲ್ಲುತ್ತದೆ.

ಆದರೆ ಕನ್ನಡಿ ಹೋದ ಮಾತ್ರಕ್ಕೆ ಹೊರೆ ಹೋಯಿತೆಂದು ಯಾರೂ ಭ್ರಮಿಸಬಾರದು. ಕನ್ನಡಿಯಿಲ್ಲದ ನಿಕಾನ್ ಜೆಡ್6 ಬ್ಯಾಟರಿ ಸಹಿತ 675 ಗ್ರಾಂ. ಅದಕ್ಕೆ ವೃತ್ತಿಪರರ 24–70 ಎಫ್2.8 ಲೆನ್ಸನ್ನು ಹಾಕಿದರೆ ಇನ್ನೂ 805. ಒಟ್ಟು 1480 ಗ್ರಾಂ. ಹಳೆಯ ಪೆಟ್ಟಿಗೆಗಿಂತಲೂ ಹೆಚ್ಚಾಯಿತಲ್ಲವೇ! ಲೆನ್ಸಿನ ಗಾತ್ರವನ್ನು ನಿರ್ಧರಿಸುವುದು ಕನ್ನಡಿಯಲ್ಲ. ಸೆನ್ಸರಿನ ಅಳತೆ ಮತ್ತು ಲೆನ್ಸಿನ ಬಾಯಿಯ ಅಗಲ. ಫುಲ್ ಫ್ರೇಮಿನ ಸೆನ್ಸರು 36ಕ್ಕೆ 24 ಮಿಲಿಮೀಟರ್; ಮಧ್ಯಮ ವರ್ಗದ ಎಪಿಎಸ್-ಸಿ ಸುಮಾರು 23.5ಕ್ಕೆ 15.6; ಒಲಿಂಪಸ್-ಪ್ಯಾನಾಸೋನಿಕ್ ಪದ್ಧತಿಯದು 17.3ಕ್ಕೆ 13. ಸೆನ್ಸರು ಚಿಕ್ಕದಾದಷ್ಟು ಲೆನ್ಸೂ ಚಿಕ್ಕದಾಗಬಲ್ಲುದು. ಮನೆಯ ಮಕ್ಕಳ ಚಿತ್ರಕ್ಕೆ ನಡುವಿನ ಅಥವಾ ಚಿಕ್ಕ ಸೆನ್ಸರು ಧಾರಾಳವಾಗಿ ಸಾಕು.

ಇದಕ್ಕೆ ಇನ್ನೊಂದು ಲೆಕ್ಕವನ್ನೂ ಸೇರಿಸಿ. ಅಂಗಡಿಯವರು ಮೆಗಾಪಿಕ್ಸೆಲ್ ಎಂದು ಕೂಗಿ ಮಾರುತ್ತಾರೆ. ನಾವು ಆಲ್ಬಮ್ಮಿನಲ್ಲಿಡುವ 4ಕ್ಕೆ 6 ಇಂಚಿನ ಪ್ರತಿಗೆ, ಇಂಚಿಗೆ 300 ಚುಕ್ಕೆಯಂತೆ ಲೆಕ್ಕ ಹಾಕಿದರೂ 1200ನ್ನು 1800ರಿಂದ ಗುಣಿಸಿದಷ್ಟು ಬಿಂದುಗಳು ಬೇಕು. ಅಂದರೆ ಎರಡು ಮೆಗಾಪಿಕ್ಸೆಲಿಗಿಂತ ತುಸು ಹೆಚ್ಚು. ಉಳಿದುದು ವ್ಯಾಪಾರದ ಮಾತು.

ಪಡೆದುದು, ಕಳೆದುಕೊಂಡುದು

2020ರ ಕೊನೆಯಲ್ಲಿ ನಾವು ಹಳೆಯ ಪೆಟ್ಟಿಗೆಯನ್ನು ಮಾರಿ, ಅರ್ಧಕ್ಕಿಂತ ಕಡಮೆ ತೂಕದ ಕನ್ನಡಿಯಿಲ್ಲದ ಕ್ಯಾಮರಾವನ್ನು ಕೊಂಡೆವು. ಮೊದಲು ತಿಳಿದ ಲಾಭವೆಂದರೆ, ಅದು ಕಪಾಟಿಗೆ ಹೋಗಲಿಲ್ಲ. ಬಾಗಿಲ ಬಳಿಯ ಮೊಳೆಯಲ್ಲಿ ಛತ್ರಿಯ ಪಕ್ಕದಲ್ಲಿ ನೇತಾಡುತ್ತದೆ. ಹೊರಡುವಾಗ ಛತ್ರಿಯಂತೆಯೇ ಕೈಗೆ ಬರುತ್ತದೆ. ಮಗನನ್ನು ಎಡಗೈಯಲ್ಲಿ ಎತ್ತಿಕೊಂಡು ಬಲಗೈ ಒಂದರಲ್ಲೇ ಚಿತ್ರ ತೆಗೆಯಲು ಸಾಧ್ಯವಾಯಿತು. ಮಡಚುವ ಪರದೆಯಿರುವುದರಿಂದ ಕ್ಯಾಮರಾವನ್ನು ಮೊಣಕಾಲಿನ ಎತ್ತರಕ್ಕಿಳಿಸಿ ಮಗುವಿನ ಕಣ್ಣಿನ ಸಮಕ್ಕೆ ಹಿಡಿಯಬಹುದು. ದೊಡ್ಡವರು ನಿಂತಲ್ಲಿಂದ ತೆಗೆದ ಚಿತ್ರದಲ್ಲಿ ಮಕ್ಕಳ ನೆತ್ತಿ ಮಾತ್ರ ದೊಡ್ಡದಾಗಿ ಕಾಣುವುದನ್ನು ವಾಚಕರು ಗಮನಿಸಿರಬಹುದು.

ಎರಡನೆಯದು ಕಣ್ಣನ್ನು ತಾನಾಗಿಯೇ ಹುಡುಕುವ ಗುಣ. ಹಳೆಯ ಪದ್ಧತಿಯಲ್ಲಿ ನಾಭಿ ಹಿಡಿಯುವ ಬಿಂದುಗಳು ಬಹುಮಟ್ಟಿಗೆ ಚೌಕಟ್ಟಿನ ನಡುಭಾಗದಲ್ಲಿರುತ್ತಿದ್ದವು. ಓಡುವ ಮಗು ಅಂಚಿಗೆ ಸರಿದರೆ ಚಿತ್ರದಲ್ಲಿ ಮಗು ಮಸುಕು, ಹಿಂದಿನ ಗೋಡೆ ಸ್ಪಷ್ಟ. ಹೊಸತರಲ್ಲಿ ಸೆನ್ಸರೇ ನೋಡುವುದರಿಂದ ಚೌಕಟ್ಟಿನ ಬಹುಭಾಗದಲ್ಲಿ ಮುಖವನ್ನೂ ಕಣ್ಣನ್ನೂ ಅದು ಹಿಂಬಾಲಿಸುತ್ತದೆ. ಮೂರನೆಯದು ಮೌನ. ಎಲೆಕ್ಟ್ರಾನಿಕ್ ಶಟರಿಗೆ ಸದ್ದೇ ಇಲ್ಲ. ಮಲಗಿದ ಮಗು ಏಳುವುದಿಲ್ಲ. ಹತ್ತಡಿಯ ಖೋಲಿಯಲ್ಲಿ ಕಷ್ಟಪಟ್ಟು ಕೂಸನ್ನು ಮಲಗಿಸಿದವರಿಗೆ ಇದರ ಬೆಲೆ ಗೊತ್ತು.

ಕಳೆದುಕೊಂಡುದನ್ನೂ ಮುಚ್ಚಿಡಬಾರದು. ಪರದೆ ಸದಾ ಉರಿಯುತ್ತಿರುವುದರಿಂದ ಬ್ಯಾಟರಿ ಬೇಗ ಬರಿದಾಗುತ್ತದೆ. ಮೇಲೆ ಹೇಳಿದ ಡಿ7200 ಒಂದು ಚಾರ್ಜಿನಲ್ಲಿ 1110 ಚಿತ್ರ ತೆಗೆಯುವುದೆಂದು ಲೆಕ್ಕವಿದ್ದರೆ ಜೆಡ್50ಕ್ಕೆ ಸುಮಾರು 300 ಮಾತ್ರ. ಆದುದರಿಂದ ಇನ್ನೊಂದು ಬ್ಯಾಟರಿಯ ಖರ್ಚು ತಪ್ಪದು. ಹಿಡಿ ಚಿಕ್ಕದು, ದೊಡ್ಡ ಕೈಯವರ ಕಿರುಬೆರಳಿಗೆ ಜಾಗವಿಲ್ಲ. ಮೌನದ ಶಟರಿಗೂ ಒಂದು ದೋಷವುಂಟು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದಾದುದರಿಂದ ಹಳೆಯ ಟ್ಯೂಬ್‌ಲೈಟಿನ ಬೆಳಕು ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಸೆನ್ಸರು ಸಾಲುಸಾಲಾಗಿ ಓದುವಾಗ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಬೀಳಬಹುದು. ವೇಗವನ್ನು 1/50 ಅಥವಾ 1/100ಕ್ಕೆ ಇಟ್ಟರೆ ಬಹುಮಟ್ಟಿಗೆ ಪರಿಹಾರ. ಇನ್ನು ಪೆಟ್ಟಿಗೆಯೊಡನೆ ಬರುವ ಪುಟ್ಟ ಜೂಮ್ ಲೆನ್ಸುಗಳಿಗೆ ಬಾಯಿ ಕಿರಿದು; ಸಂಜೆ ಮನೆಯೊಳಗೆ ಆಟವಾಡುವ ಮಗು ಮಸುಕಾಗಿಯೇ ಬರುತ್ತದೆ. ಎಫ್1.8 ಅಥವಾ ಎಫ್2ರ ಜೂಮಿಲ್ಲದ ಒಂದು ಸಣ್ಣ ಲೆನ್ಸು ಜೊತೆಗಿದ್ದರೆ ಹಗುರದ ಸಂಸಾರ ಸಾಂಗವಾಗುತ್ತದೆ.

ಯಾರು ಏನು ಮಾಡಬೇಕು?

ಇಷ್ಟನ್ನು ಓದಿ ಯಾರಾದರೂ ನಾಳೆಯೇ ಸಾಲ ಮಾಡಿ ಅಂಗಡಿಗೆ ಓಡಿದರೆ ನಮ್ಮ ಉದ್ದೇಶ ಕೆಟ್ಟಂತೆ. ಹಾಸಿಗೆಯಿದ್ದಷ್ಟು ಕಾಲು ಚಾಚತಕ್ಕದ್ದು.

ಮನೆಯಲ್ಲಿ ಈಗಾಗಲೇ ಡಿ.ಎಸ್.ಎಲ್.ಆರ್. ಇದ್ದವರು ಅದನ್ನು ಮಾರುವ ಮೊದಲು ಅದರ ಹೊರೆಯನ್ನು ಇಳಿಸಿ ನೋಡಲಿ. ಕನ್ನಡಿಯುಳ್ಳವುಗಳಲ್ಲೂ ಸಣಕಲು ಜಾತಿಯುಂಟು: 2017ರ ಕ್ಯಾನನ್ 200ಡಿ ಬ್ಯಾಟರಿ ಸಹಿತ 453 ಗ್ರಾಂ; ಅದಕ್ಕೆ ದೋಸೆಯಂತೆ ಚಪ್ಪಟೆಯಾದ 24 ಮಿಲಿಮೀಟರ್ ಲೆನ್ಸು 125 ಗ್ರಾಂ; ಒಟ್ಟು 578. ಹೊಸ ಮಿರರ್‌ಲೆಸ್‌ಗಳ ಸಾಲಿನಲ್ಲೇ ನಿಲ್ಲುತ್ತದೆ. ನಿಕಾನಿನ ಮಧ್ಯಮ ಪೆಟ್ಟಿಗೆಗಳಿಗೆ 200 ಗ್ರಾಮಿನ 35 ಮಿಲಿಮೀಟರ್ ಎಫ್1.8 ಇದೆ. ದೊಡ್ಡ ಜೂಮನ್ನು ಮನೆಯಲ್ಲಿಟ್ಟು, ಚೀಲವನ್ನು ತ್ಯಜಿಸಿ, ಒಂದೇ ಸಣ್ಣ ಲೆನ್ಸಿನೊಡನೆ ಒಂದು ತಿಂಗಳು ಓಡಾಡಿ. ಹೊಸ ಕ್ಯಾಮರಾ ಬೇಕೋ ಬೇಡವೋ ಎಂಬುದು ತಾನಾಗಿಯೇ ತಿಳಿಯುತ್ತದೆ.

ಕ್ಯಾಮರಾವೇ ಇಲ್ಲದವರು ಕೊರಗಬೇಕಾಗಿಲ್ಲ. ಜೇಬಿನ ಮೊಬೈಲು ನಮ್ಮ ಹಿರಿಯರು ಬಳಸಿದ ಡಬ್ಬಿ ಕ್ಯಾಮರಾಗಳಿಗಿಂತ ಎಷ್ಟೋ ಪಾಲು ಮೇಲು. ಆಗ್ಫಾ ಕ್ಲಿಕ್-3 ಇದ್ದ ಮನೆಯವರಿಗೆ ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆ ಹನ್ನೆರಡನ್ನು ಅವರು ಎಷ್ಟು ಎಚ್ಚರದಿಂದ ತೆಗೆಯುತ್ತಿದ್ದರೆಂದರೆ ಇಂದಿಗೂ ಊರ ಮನೆಗಳ ಗೋಡೆಯ ಮೇಲೆ ಅವೇ ಉಳಿದಿವೆ. ಮೊಬೈಲಿನವರು ಲೆನ್ಸಿನ ಮೇಲಿನ ಎಣ್ಣೆಕೈಯ ಗುರುತನ್ನು ಒರೆಸಿಕೊಳ್ಳಲಿ. ನಮ್ಮ ಹೊಟೇಲು ಬಂಧುಗಳಿಗೆ ಇದನ್ನು ವಿಶೇಷವಾಗಿ ಹೇಳಬೇಕು. ಮಗುವನ್ನು ಕಿಟಕಿಯ ಅಥವಾ ಜಗಲಿಯ ಬೆಳಕಿಗೆ ಮುಖ ಮಾಡಿ ಕೂರಿಸಲಿ, ತಾವು ನೆಲಕ್ಕೆ ಕುಳಿತು ತೆಗೆಯಲಿ. ಜೂಮ್ ಮಾಡುವ ಬದಲು ಎರಡು ಹೆಜ್ಜೆ ಹತ್ತಿರ ಹೋಗಲಿ.

ನಿಜವಾಗಿಯೂ ಆಸಕ್ತಿಯಿದ್ದು, ಕೈಯಲ್ಲಿ ಹಣವೂ ಇದ್ದವರು ಹಗುರವಾದ ಮಿರರ್‌ಲೆಸ್ ಒಂದನ್ನು ಧಾರಾಳವಾಗಿ ಕೊಳ್ಳಬಹುದು. ಕೊಳ್ಳುವ ಮೊದಲು ಅಂಗಡಿಯಲ್ಲಿ ಮಗುವನ್ನು ಎತ್ತಿಕೊಂಡೇ ಅದನ್ನು ಒಂದು ಕೈಯಲ್ಲಿ ಹಿಡಿದು ನೋಡಲಿ. ಓಡುವ ಮಕ್ಕಳಿಗೆ 1/500, ಕುಳಿತು ಆಡುವವರಿಗೆ 1/250 ಸೆಕೆಂಡಿನ ವೇಗ ಇಟ್ಟುಕೊಂಡರೆ ಹೆಚ್ಚಿನ ಚಿತ್ರಗಳು ನಿಲ್ಲುತ್ತವೆ.

ಯಾವುದರಿಂದ ತೆಗೆದರೂ ಚಿತ್ರಗಳನ್ನು ಎರಡು ಕಡೆ ಉಳಿಸಿರಿ. ವರ್ಷಕ್ಕೆ ಇಪ್ಪತ್ತನ್ನಾದರೂ ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿರಿ. ಮೊಬೈಲು ಕಳೆದುಹೋದ ದಿನ ಮಗನ ಮೂರು ವರ್ಷಗಳೂ ಅದರೊಡನೆ ಹೋದವೆಂದು ಅತ್ತ ಒಬ್ಬ ಅಡಿಗೆಯವರನ್ನು ನಾವು ಬಲ್ಲೆವು. ವರ್ಷಕ್ಕೊಮ್ಮೆ ಹದಿನೈದು ದಿನದ ರಜೆಯಲ್ಲಿ ಮಗುವಿನ ಮುಖ ನೋಡುವವರಿಗೆ ಚಿತ್ರವೆಂಬುದು ಶೋಕಿಯ ವಸ್ತುವಲ್ಲ.

ನಮ್ಮ ಮೈಸೂರಿನ ಟಿ. ಎಸ್. ಸತ್ಯನ್ ಅವರು ಜೀವಮಾನವಿಡೀ ಸಾಮಾನ್ಯರನ್ನೂ ಮಕ್ಕಳನ್ನೂ ಚಿತ್ರಿಸಿದರು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದವು. ಆ ಚಿತ್ರಗಳನ್ನು ನೋಡಿದವರಿಗೆ ಕ್ಯಾಮರಾ ಯಾವುದೆಂಬ ಪ್ರಶ್ನೆ ಹೊಳೆಯುವುದಿಲ್ಲ. ಮಕ್ಕಳ ಪಕ್ಕದಲ್ಲಿ ಅವರು ಎಷ್ಟು ಹೊತ್ತು ಕುಳಿತಿದ್ದರೆಂಬುದು ಹೊಳೆಯುತ್ತದೆ.

ನಾವು ಕಾಣದಿದ್ದ ಒಂದು ಕೊರತೆ

ಹಳೆಯ ಐದು ಸಾವಿರ ಚಿತ್ರಗಳನ್ನು ಒಮ್ಮೆ ಸೋಸುತ್ತ ಕುಳಿತಾಗ ನಮಗೊಂದು ವಿಚಿತ್ರ ಕಂಡಿತು. ಮಕ್ಕಳಿದ್ದಾರೆ, ಅವರ ತಾಯಿ ಇದ್ದಾರೆ, ನೆರೆಯವರ ಬೆಕ್ಕೂ ಇದೆ. ಆದರೆ ತಂದೆ ಎಲ್ಲಿಯೂ ಇಲ್ಲ. ಆ ದೊಡ್ಡ ಪೆಟ್ಟಿಗೆಯನ್ನು ನಾವಲ್ಲದೆ ಬೇರೆ ಯಾರೂ ಮುಟ್ಟುತ್ತಿರಲಿಲ್ಲ. ಭಾರವೆಂದು ಮನೆಯವರು ಮುಟ್ಟರು. ಬೀಳಿಸಿಯಾರೆಂದು ನಾವು ಮಕ್ಕಳಿಗೆ ಕೊಡೆವು. ಮಕ್ಕಳ ಬಾಲ್ಯದಲ್ಲಿ ತಂದೆಯೂ ಇದ್ದನೆಂಬುದಕ್ಕೆ ಆ ಚಿತ್ರಗಳಲ್ಲಿ ಸಾಕ್ಷಿಯೇ ಇಲ್ಲ.

ಹೊಸ ಕ್ಯಾಮರಾ ಬಂದ ಮರುವರ್ಷ, ಆರು ವರ್ಷದ ಮಗಳು ಮೊಳೆಯಿಂದ ಅದನ್ನು ತಾನೇ ತೆಗೆದು ಕೊರಳಿಗೆ ಹಾಕಿಕೊಂಡಳು. ಗದರಿಸಬೇಕೆಂದು ಬಾಯಿ ತೆರೆದೆವು. ಅಷ್ಟರಲ್ಲಿ ಅವಳು ಎರಡೂ ಕೈಯಲ್ಲಿ ಹಿಡಿದು, “ಅಪ್ಪಾ, ಅಲ್ಲೇ ಕೂತ್ಕೊಳಿ, ಅಲ್ಲಾಡ್ಬೇಡಿ” ಎಂದು ಅಪ್ಪಣೆ ಮಾಡಿದಳು. ಆ ಚಿತ್ರ ಸ್ವಲ್ಪ ಓರೆಯಾಗಿದೆ. ಅದರಲ್ಲಿ ನಾವು ಲುಂಗಿಯುಟ್ಟು ನೆಲದ ಮೇಲೆ ಕುಳಿತಿದ್ದೇವೆ, ಮಗ ನಮ್ಮ ಬೆನ್ನು ಹತ್ತುತ್ತಿದ್ದಾನೆ, ಮನೆಯವರು ಅಡಿಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಗುತ್ತಿದ್ದಾರೆ. ಅದನ್ನು ಅಚ್ಚು ಹಾಕಿಸಿ ನಮ್ಮ ತಾಯಿಯವರ ಆ ಅರ್ಧ ಕಣ್ಣು ಮುಚ್ಚಿದ ಚಿತ್ರದ ಪಕ್ಕದಲ್ಲಿ ತೂಗುಹಾಕಿದ್ದೇವೆ.

ಇದಿಷ್ಟನ್ನೂ ಕೇಳಿಸಿಕೊಂಡ ಆ ತರುಣ ಗುಮಾಸ್ತರು ಚೀಲವನ್ನು ಮತ್ತೆ ಹೆಗಲಿಗೇರಿಸಿ, “ನಾಳೆ ಇದನ್ನು ವಾಪಸು ಮಾಡುತ್ತೇನೆ, ಆ ಕಂತಿನ ಹಣದಲ್ಲಿ ಊರಿಗೆ ಇನ್ನೊಂದು ಸಲ ಹೋಗಿ ಬರಬಹುದು” ಎಂದರು. ಮೊನ್ನೆ ಊರಿನಿಂದ ನಮಗೊಂದು ಚಿತ್ರ ಕಳಿಸಿದ್ದಾರೆ. ಮೊಬೈಲಿನಲ್ಲಿ ತೆಗೆದದ್ದು. ಅಜ್ಜಿ ನೀಡಿದ ಕಾಲುಗಳ ಮೇಲೆ ಎಣ್ಣೆ ಹಚ್ಚಿದ ಕೂಸು ಬೋರಲು ಮಲಗಿದೆ. ಬಚ್ಚಲಿನ ಹೊಗೆಯಲ್ಲಿ ಅಜ್ಜಿಯ ಮುಖ ಅಷ್ಟು ಸ್ಪಷ್ಟವಾಗಿಲ್ಲ. ಆದರೆ ಅವರ ಕಣ್ಣು ತೆರೆದಿದೆ.

ಈ ವರ್ಷ ರಜೆಗೆ ಊರಿಗೆ ಹೋಗುವ ನಮ್ಮ ವಾಚಕರಲ್ಲಿ ವಿನಂತಿಯಿಷ್ಟೇ: ಯಾವ ಕ್ಯಾಮರಾ ಇದ್ದರೂ ಸರಿ, ಅದನ್ನು ಕೈಗೆಟಕುವ ಕಡೆ ಇಟ್ಟುಕೊಳ್ಳಿ, ಮಕ್ಕಳ ಚಿತ್ರ ತೆಗೆಯುವಾಗ ಅವರನ್ನು ಎತ್ತಿಕೊಂಡಿರುವ ಹಿರಿಯರನ್ನೂ ಚೌಕಟ್ಟಿನೊಳಗೆ ಸೇರಿಸಿಕೊಳ್ಳಿ. ನಾಳೆ ಬೆಳಿಗ್ಗೆ ತೆಗೆಯೋಣವೆಂದು ಮಾತ್ರ ಬಿಡಬೇಡಿ.